ಅಕ್ಕನ ಸ್ಟೀರಿಂಗಿಗೆ ನಾನು ನೀರು ಕುಡಿಸಿದ್ದು

ಪೈಪು ಎಂದರೆ ಪೈಪು. ಒಂದು ತುದಿಯಲ್ಲಿ ಒಳಗೆ ಹೋದದ್ದು ಇನ್ನೊಂದು ತುದಿಯಲ್ಲಿ ಹೊರಗೆ ಬರಬೇಕು, ನಡುವೆ ಎಲ್ಲೂ ತೊಟ್ಟಿಕ್ಕಬಾರದು. ಮೂವತ್ತೆರಡು ವರ್ಷದಿಂದ ನಾನು ಮಾಡಿಕೊಂಡು ಬಂದಿರುವ ಪ್ಲಂಬರ್ ಕೆಲಸ ಇಷ್ಟೇ. ನಮ್ಮ ಬಡಾವಣೆಯಲ್ಲಿ ನನ್ನ ಕೈ ತಾಗದ ನಲ್ಲಿ ಇಲ್ಲ, ಅದಕ್ಕೇ ಜನ ನನ್ನನ್ನು ನಲ್ಲಿಯಣ್ಣ ಎನ್ನುತ್ತಾರೆ. ಕೋಪ ಇವನ ಮೂಗಿನ ತುದಿಯಲ್ಲೇ ಇದೆ ಎಂದೂ ಎನ್ನುತ್ತಾರೆ. ಅದು ಶುದ್ಧ ಸುಳ್ಳು. ಕೋಪ ಬರಿಸುವವರು ಮೂಗಿನ ಮುಂದೆಯೇ ಬಂದು ನಿಂತರೆ ನಾನಾದರೂ ಏನು ಮಾಡಲಿ?

ಆ ಸೋಮವಾರ ಹಾಗೆ ಬಂದು ನಿಂತವನು ಗ್ಯಾರೇಜಿನವನು. ಅಕ್ಕನ ಹಳೇ ಕಾರಿನ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ, ಪವರ್ ಸ್ಟೀರಿಂಗಿನ ಪೈಪುಗಳೆರಡೂ ತುಕ್ಕು ತಿಂದು ಹೋಗಿವೆ ಎಂದ. ಇಪ್ಪತ್ತೆರಡು ವರ್ಷದ ಕಾರಿಗೆ ಈ ಪೈಪು ಈಗ ಯಾರೂ ಮಾಡುವುದಿಲ್ಲವಂತೆ, ಎಲ್ಲಾದರೂ ಹುಡುಕಿ ತರಿಸಬೇಕೆಂದರೆ ಮೂರು ವಾರ ಬೇಕಂತೆ, ಅದರ ಬದಲು ತೂಕಕ್ಕೆ ಗುಜರಿಗೆ ಹಾಕುವುದೇ ಜಾಣತನವಂತೆ. ಇಷ್ಟನ್ನೂ ಆಕಳಿಸುತ್ತ ಹೇಳಿದ. ಆಕಳಿಸದೆ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಮೊದಲು ನಿನ್ನ ಬಾಯಿಯನ್ನು ಗುಜರಿಗೆ ಹಾಕು ಎಂದುಬಿಟ್ಟೆ. ಅಕ್ಕ ನನ್ನ ಅಂಗಿಯ ತೋಳು ಹಿಡಿದು ಎಳೆದುಕೊಂಡು ಹೊರಗೆ ಬಂದಳು.

ಪವರ್ ಸ್ಟೀರಿಂಗ್ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಎಂಜಿನ್ ತಿರುಗುವಾಗ ಒಂದು ಪಂಪು ಎಣ್ಣೆಯನ್ನು ಜೋರಾಗಿ ಒತ್ತಿ ಸ್ಟೀರಿಂಗಿನ ಪೆಟ್ಟಿಗೆಗೆ ಕಳಿಸುತ್ತದೆ. ಚಕ್ರ ಹೊರಳಿಸುವ ಕಷ್ಟವನ್ನೆಲ್ಲ ಆ ಎಣ್ಣೆಯೇ ಪಡುತ್ತದೆ, ನಾವು ಸುಮ್ಮನೆ ಕೈಯಾಡಿಸಿದರೆ ಸಾಕು. ಹೋಗುವುದಕ್ಕೆ ಒಂದು ಪೈಪು, ವಾಪಸು ಬರುವುದಕ್ಕೆ ಒಂದು ಪೈಪು. ಎಣ್ಣೆ ಸೋರಿಹೋಯಿತೆಂದರೆ ಸ್ಟೀರಿಂಗು ಬೀಸುವ ಕಲ್ಲಾಗುತ್ತದೆ. ಅಕ್ಕನ ಕಾರು ನಿಂತ ಕಡೆಯಲ್ಲೆಲ್ಲ ಕೆಂಪು ಎಣ್ಣೆ ಹರಿಸಿಕೊಂಡು ಕೊನೆಗೆ ಹಾಗೇ ಆಗಿತ್ತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನರ್ಸು, ಆದರೆ ಆಸ್ಪತ್ರೆಯಲ್ಲಿ ಕೂತು ಕೆಲಸ ಮಾಡುವವಳಲ್ಲ. ಹಾಸಿಗೆಯಿಂದ ಏಳಲಾರದವರ ಮನೆಮನೆಗೆ ಕಾರಿನಲ್ಲಿ ಹೋಗಿ ಇಂಜೆಕ್ಷನ್ ಕೊಟ್ಟು, ಹುಣ್ಣು ತೊಳೆದು, ಬಟ್ಟೆ ಕಟ್ಟಿ, ಅವರ ಸೊಸೆಯಂದಿರ ಮೇಲಿನ ದೂರೆಲ್ಲ ಕೇಳಿ ಬರುವವಳು. ನಾಲ್ಕು ತಿಂಗಳ ಹಿಂದೆ ಒಬ್ಬ ರೋಗಿಯ ಮನೆಯ ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಭುಜ ಮುರಿದುಕೊಂಡಳು. ಮೂಳೆ ಕೂಡಿದೆ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿಯಾಗಿತ್ತು. ಆದರೆ ಅವಳ ಆಫೀಸಿನವರು ಒಂದು ಕಾಗದ ಕಳಿಸಿದ್ದರು. ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಕಾರು ತಂದು ತೋರಿಸಬೇಕು, ಕಾರು ಸರಿಯಿದೆಯೇ, ಇವಳ ಕೈ ಅದನ್ನು ಆಡಿಸಬಲ್ಲದೇ ಎರಡನ್ನೂ ಅಧಿಕಾರಿ ನೋಡುತ್ತಾರೆ. ಯಾವುದೊಂದು ತಪ್ಪಿದರೂ ಮನೆಮನೆ ತಿರುಗುವ ಕೆಲಸ ಇನ್ನೊಬ್ಬರಿಗೆ. ಇವಳು ನಿವೃತ್ತಿಯಾಗುವವರೆಗೆ, ಅಂದರೆ ಮೂರು ವರ್ಷ, ಆಫೀಸಿನ ಹಿಂದಿನ ಕೋಣೆಯಲ್ಲಿ ರಿಜಿಸ್ಟರ್ ಬರೆಯಬೇಕು. ಆ ಕೋಣೆ ನಾನು ನೋಡಿದ್ದೇನೆ, ಅಲ್ಲಿಯ ಸಿಂಕ್ ರಿಪೇರಿ ಮಾಡಿದ್ದೇನೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ.

ನಿಂತಲ್ಲಿ ನಿಲ್ಲದ ಹೆಂಗಸು ನಮ್ಮಕ್ಕ. ಒಂದು ಕಡೆ ಕೂರು ಎಂದರೆ ಅವಳಿಗೆ ಜ್ವರ ಬರುತ್ತದೆ. ಆ ಸಂಜೆ ಅವಳ ಮನೆಗೆ ಹೋದಾಗ ಅವಳು ತನ್ನ ಕೆಲಸದ ಚೀಲವನ್ನು ಮೇಜಿನ ಮೇಲೆ ಸುರಿದು ಹತ್ತಿ, ಕತ್ತರಿ, ಪಟ್ಟಿಗಳನ್ನೆಲ್ಲ ಒರೆಸಿ ಮತ್ತೆ ತುಂಬುತ್ತಿದ್ದಳು. ನಾಲ್ಕು ತಿಂಗಳಿಂದ ದಿನಾ ಸಂಜೆ ಹೀಗೇ ಮಾಡುತ್ತಾಳೆ ಎಂದು ಭಾವ ಮೆಲ್ಲಗೆ ಹೇಳಿದರು. ಗುರುವಾರ ಸಂಜೆಯೊಳಗೆ ನಿನ್ನ ಕಾರು ಸರಿ ಮಾಡಿ ಕೊಡದಿದ್ದರೆ ನನ್ನ ಹೆಸರು ಬದಲಾಯಿಸು ಎಂದು ಎದೆ ತಟ್ಟಿದೆ. ನಲ್ಲಿಯಣ್ಣ ಎನ್ನುವುದಕ್ಕಿಂತ ಕೆಟ್ಟ ಹೆಸರು ಸಿಗಬೇಕಲ್ಲ ಮಾರಾಯ ಎಂದರು ಭಾವ. ಅಕ್ಕ ನಗಲಿಲ್ಲ.

"ನಿಜವಾಗ್ಲೂ ಆಗುತ್ತೇನೋ?" ಎಂದಳು. "ಸುಮ್ನೆ ಸಮಾಧಾನಕ್ಕೆ ಹೇಳ್ಬೇಡ."

ಆಗುತ್ತೆ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಮಂಗಳವಾರ ಅವಳ ಮನೆಯ ಪಕ್ಕದ ಶೆಡ್ಡಿಗೆ ಕಾರನ್ನು ಎಳೆಸಿ ತಂದು, ನಾನು ಅದರಡಿ ಮಲಗಿದೆ. ಭಾವ ದರ್ಜಿ. ಅವರ ಹೊಲಿಗೆ ಯಂತ್ರವಿರುವ ಕೋಣೆಯ ಕಿಟಕಿ ಶೆಡ್ಡಿಗೇ ತೆರೆದುಕೊಂಡಿರುವುದರಿಂದ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವರು ನನಗೆ ದಿನವಿಡೀ ಉಪದೇಶ ಮಾಡಿದರು. ಅವರಿಗೆ ಕಾರಿನ ಬಾಗಿಲು ತೆಗೆಯುವುದಕ್ಕಿಂತ ಹೆಚ್ಚು ಏನೂ ಗೊತ್ತಿಲ್ಲ. ಹಳೇ ಪೈಪು ಮುಟ್ಟಿದರೆ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಕಣ್ಣಿಗೆ ಬೀಳುತ್ತಿತ್ತು. ಜೋಡಣೆಯ ನಟ್ಟುಗಳು ಜನ್ಮ ಜನ್ಮಾಂತರದ ಸಂಬಂಧವೆಂಬಂತೆ ಹಿಡಿದುಕೊಂಡಿದ್ದವು. ಎಣ್ಣೆ ಬಿಟ್ಟು, ಕಾಯಿಸಿ, ತಟ್ಟಿ, ಬೈದು, ಮತ್ತೆ ಎಣ್ಣೆ ಬಿಟ್ಟು ಸಂಜೆಯ ಹೊತ್ತಿಗೆ ಎರಡು ಪೈಪನ್ನೂ ಹೊರಗೆ ತೆಗೆದೆ. ಬೈದದ್ದು ಕೆಲಸಕ್ಕೆ ಬಂತೋ ಕಾಯಿಸಿದ್ದೋ ಹೇಳಲಾರೆ.

ಬುಧವಾರ ಹೋಸಿನ ಅಂಗಡಿಗೆ ಹೋದೆ. ಮಣ್ಣು ಅಗೆಯುವ ದೊಡ್ಡ ಯಂತ್ರಗಳಿಗೆ ಒತ್ತಡ ತಡೆಯುವ ರಬ್ಬರ್ ಹೋಸುಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡುವ ಅಂಗಡಿ ಅದು. ನಡೆಸುವವಳು ಮೂವತ್ತು ದಾಟದ ಹೆಂಗಸು. ನಮ್ಮಕ್ಕನ ಕಾರಿನಲ್ಲಿ ಎಣ್ಣೆ ಹೋಗುವ ಪೈಪನ್ನು ತಾಮ್ರದಲ್ಲಿ ಮಾಡಿಬಿಡುತ್ತೇನೆ, ಬರೀ ಎರಡು ಜಾಯಿಂಟ್ ಕೊಟ್ಟರೆ ಸಾಕು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ನೀರಿನ ಟ್ಯಾಂಕಿನ ಒತ್ತಡವೇ ಬೇರೆ, ಈ ಪಂಪಿನ ಒತ್ತಡವೇ ಬೇರೆ ಅಣ್ಣ, ತಿರುವಿನಲ್ಲಿ ತಾಮ್ರ ಸಿಡಿದರೆ ನಿಮ್ಮಕ್ಕ ಚರಂಡಿಯಲ್ಲಿರುತ್ತಾರೆ ಎಂದಳು. ನನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆಯಾ ಎಂದು ಬಾಯಿಗೆ ಬಂತು. ಅಕ್ಕ ಚರಂಡಿಯಲ್ಲಿ ಎಂಬ ಮಾತಿಗೆ ಬಾಯಿ ಮುಚ್ಚಿತು. ಹಳೇ ಪೈಪಿನ ಎರಡು ತುದಿಗಳನ್ನು ಕತ್ತರಿಸಿ ಉಳಿಸಿಕೊಂಡು, ನಡುವೆ ಹೊಸ ಹೋಸು ಕೂರಿಸಿ, ಯಂತ್ರದಲ್ಲಿ ಒತ್ತಿ ಅರ್ಧ ಗಂಟೆಯಲ್ಲಿ ಕೊಟ್ಟಳು. ಕೆಲಸ ಬಲ್ಲವಳು, ಒಪ್ಪಬೇಕು. ವಾಪಸು ಬರುವ ಪೈಪಿಗೆ ಅಷ್ಟು ಒತ್ತಡವಿಲ್ಲ, ಉಕ್ಕಿನ ಕೊಳವೆಯಲ್ಲಿ ನೀವೇ ಬಗ್ಗಿಸಿಕೊಳ್ಳಬಹುದು ಎಂದಳು.

ಬಗ್ಗಿಸುವುದೇ? ಅದು ನನ್ನ ಎಡಗೈ ಕೆಲಸ. ಹಳೇ ಪೈಪಿನ ಪಕ್ಕ ತಂತಿಯಿಟ್ಟು ತಿರುವುಗಳ ಅಚ್ಚು ತೆಗೆದು, ಗುರುವಾರ ಬೆಳಿಗ್ಗೆ ಹೊಸ ಕೊಳವೆಯನ್ನು ಏಳು ಕಡೆ ಬಗ್ಗಿಸಿದೆ. ಎಲ್ಲೂ ಚಪ್ಪಟೆಯಾಗಲಿಲ್ಲ, ಎಲ್ಲೂ ಸುಕ್ಕಿಲ್ಲ. ಭಾವ ಹೊರಗೆ ಬಂದು ತಮ್ಮ ಟೇಪಿನಲ್ಲಿ ಅಳೆದು ನೋಡಿ, ತೋಳು ಸರಿಯಾಗಿ ಕೂತಿದೆ, ಕಂಕುಳಲ್ಲಿ ಸ್ವಲ್ಪ ಬಿಗಿ ಎಂದರು. ಮಧ್ಯಾಹ್ನ ಹನ್ನೆರಡಕ್ಕೆ ಎರಡು ಪೈಪೂ ಕಾರಿನಲ್ಲಿ ಕೂತಿದ್ದವು.

ಇಲ್ಲಿಗೆ ನಿಲ್ಲಿಸಿ ಎಣ್ಣೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ನಮ್ಮ ಕಸುಬಿನಲ್ಲೊಂದು ನಿಯಮವಿದೆ. ಜೋಡಿಸಿದ ಲೈನಿಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು, ಅರ್ಧ ಗಂಟೆ ಮೀಟರಿನ ಮುಳ್ಳು ಕದಲದೆ ನಿಂತರೆ ಮಾತ್ರ ಕೆಲಸವನ್ನು ಮನೆಯವರಿಗೆ ಒಪ್ಪಿಸಬೇಕು. ನನ್ನ ಗುರು ಕಿವಿ ಹಿಂಡಿ ಕಲಿಸಿದ್ದು. ಈ ಮೂವತ್ತೆರಡು ವರ್ಷದಲ್ಲಿ ನೀರು ಹಾಕಿ ನೋಡದೆ ಒಂದೇ ಒಂದು ಪೈಪನ್ನೂ ನಾನು ಯಾರಿಗೂ ಒಪ್ಪಿಸಿದವನಲ್ಲ. ಅಂಥವನು ಅಕ್ಕನ ಕಾರಿಗೆ ಬೇಕಾಬಿಟ್ಟಿ ಮಾಡಲೇ? ವಾಪಸಿನ ಪೈಪಿಗೆ ನನ್ನ ಕೈಪಂಪು ಕಟ್ಟಿ, ಶುದ್ಧವಾದ ಕುಡಿಯುವ ನೀರು ತುಂಬಿ ಒತ್ತಿದೆ. ಕೆಳಗೆ ಪೇಪರು ಹಾಸಿದೆ. ಅರ್ಧ ಗಂಟೆ ಮುಳ್ಳು ನಿಂತಲ್ಲೇ ನಿಂತಿತು. ಪೇಪರಿನ ಮೇಲೆ ಒಂದು ಹನಿಯಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕನನ್ನೂ ಭಾವನನ್ನೂ ಕರೆದು ಒಣಗಿದ ಪೇಪರು ತೋರಿಸಿದೆ. ಆಮೇಲೆ ಪೈಪು ಬಿಚ್ಚಿ, ಊದಿ, ನೀರು ಬಸಿದು, ಮತ್ತೆ ಜೋಡಿಸಿ ಎಣ್ಣೆ ಹಾಕಿದೆ. ಬಸಿದದ್ದು ಪೈಪಿನೊಳಗಿನ ನೀರು. ಕಾರಿನ ಪಂಪಿನ ಹೊಟ್ಟೆಗೂ ಸ್ಟೀರಿಂಗಿನ ಪೆಟ್ಟಿಗೆಗೂ ಹೊಕ್ಕಿದ್ದ ನೀರು ನನ್ನ ತಲೆಗೆ ಹೊಕ್ಕಿರಲಿಲ್ಲ.

ಎಂಜಿನ್ ಚಾಲೂ ಮಾಡಿದ ಕೂಡಲೇ ಪಂಪು ಕರು ಕಳಕೊಂಡ ಎಮ್ಮೆಯ ಹಾಗೆ ಕೂಗಿತು. ಎಣ್ಣೆಯ ಡಬ್ಬಿಯಿಂದ ಗುಲಾಬಿ ಬಣ್ಣದ ನೊರೆ ಉಕ್ಕಿ ಬ್ಯಾಟರಿಯ ಮೇಲೆ ಇಳಿಯಿತು. ಅಕ್ಕ ಸ್ಟೀರಿಂಗು ತಿರುಗಿಸಿದರೆ ಅದು ಒಂದು ಗೇಣು ಹೋಗಿ, ನಡುಗಿ, ಮತ್ತೆ ಕಲ್ಲಾಯಿತು. ಅವಳು ಎಂಜಿನ್ ಆರಿಸಿ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಳು. ಗಡ್ಡಕ್ಕೆ ಹಚ್ಚಬಹುದು, ನೊರೆ ಚೆನ್ನಾಗಿದೆ ಎಂದರು ಭಾವ. ಆಮೇಲೆ ಹೆಂಡತಿಯ ಮುಖ ನೋಡಿ, ನೊರೆ ಒರೆಸಲು ಚಿಂದಿ ಬಟ್ಟೆ ಹುಡುಕತೊಡಗಿದರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಆ ಕ್ಷಣ ಯಾರಾದರೂ ನನ್ನನ್ನು ಬೈದಿದ್ದರೆ ಉಪಕಾರವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು.

ಹೋಸಿನ ಅಂಗಡಿಯವಳಿಗೆ ಫೋನ್ ಮಾಡಿದೆ. ಮಾನ ಮರ್ಯಾದೆ ಬದಿಗಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನಗು ತಡೆದುಕೊಳ್ಳಲು ಒದ್ದಾಡುತ್ತಿದ್ದದ್ದು ಫೋನಿನಲ್ಲೂ ಕೇಳಿಸಿತು.

"ಅಣ್ಣಾ, ನೂರಾರು ಜನ ನನ್ನ ಹತ್ರ ಹೋಸು ಮಾಡಿಸ್ಕೊಂಡು ಹೋಗಿದ್ದಾರೆ," ಎಂದಳು ಕೊನೆಗೆ. "ನೀರು ಹಾಕ್ಬೇಡಿ ಅಂತ ಹೇಳ್ಬೇಕು ಅನ್ನೋದು ನನಗೆ ಇವತ್ತಿನ ತನಕ ಹೊಳೆದೇ ಇರ್ಲಿಲ್ಲ."

ನಗು ಮುಗಿಸಿಕೊಂಡು ದಾರಿ ಹೇಳಿದಳು. ಮುಂದಿನ ಚಕ್ರಗಳೆರಡನ್ನೂ ನೆಲದಿಂದ ಎತ್ತಿ ನಿಲ್ಲಿಸಬೇಕು. ಎಂಜಿನ್ ಚಾಲೂ ಮಾಡಕೂಡದು. ವಾಪಸಿನ ಪೈಪನ್ನು ಬಕೆಟ್ಟಿಗೆ ಬಿಟ್ಟು, ಮೇಲಿನಿಂದ ಹೊಸ ಎಣ್ಣೆ ಹಾಕುತ್ತ, ಒಬ್ಬರು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಕೈಯಲ್ಲೇ ತಿರುಗಿಸುತ್ತ ಇರಬೇಕು. ಬಕೆಟ್ಟಿಗೆ ಬೀಳುವುದು ನೊರೆಯಿಲ್ಲದೆ ತಿಳಿಯಾಗುವವರೆಗೆ. ಐವತ್ತು ಸಲವೋ ನೂರು ಸಲವೋ, ನೀವು ಎಷ್ಟು ನೀರು ಕುಡಿಸಿದ್ದೀರೋ ಅದರ ಮೇಲೆ ಎಂದಳು. ಮಾಡಿದ್ದುಣ್ಣೋ ಮಹಾರಾಯ.

ಎಣ್ಣೆ ಹಾಕುವವನು ಡಬ್ಬಿ ಬರಿದಾಗದಂತೆ ಕಣ್ಣಿಟ್ಟಿರಬೇಕು, ಹಾಗಾಗಿ ಅದು ನಾನೇ. ತಿರುಗಿಸಲು ಭಾವನನ್ನು ಕೂರಿಸಿದೆ. ಅವರು ಕಾರಿಗೆ ನೋವಾಗುತ್ತದೆಯೋ ಎಂಬಂತೆ ಎರಡು ಬೆರಳಿನಲ್ಲಿ ಹಿಡಿದು ಒಂಬತ್ತು ಸಲ ತಿರುಗಿಸಿ, ಬೆನ್ನು ಹಿಡಿದುಕೊಂಡರು. ಅಕ್ಕ ಬಾಗಿಲು ತೆಗೆದು, ಇಳಿಯಿರಿ ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಬೆಳಗಾದರೆ ಪರೀಕ್ಷೆ, ಈಗ ಭುಜಕ್ಕೆ ಏನಾದರೂ ಆದರೆ ಏನು ಗತಿ, ಪಕ್ಕದ ಮನೆಯವರನ್ನು ಕರೆಯುತ್ತೇನೆ, ನೀನು ಒಳಗೆ ಹೋಗು ಎಂದು ಕೂಗಾಡಿದೆ. ಅವಳು ನನ್ನ ಕೂಗಾಟವನ್ನು ಐವತ್ತು ವರ್ಷದಿಂದ ಕೇಳುತ್ತಿರುವವಳು. ಸೀಟು ಮುಂದೆ ಎಳೆದುಕೊಂಡು ಕೂತಳು.

"ಭುಜ ನಂದು, ಕಾರು ನಂದು, ಕೆಲಸಾನೂ ನಂದು," ಎಂದಳು. "ನೀನು ಎಣ್ಣೆ ಹಾಕು."

ಭಾವ ಸ್ಟೂಲು ತಂದು ಬಕೆಟ್ಟಿನ ಪಕ್ಕ ಕೂತು ಎಣಿಸತೊಡಗಿದರು. ದರ್ಜಿಯ ಎಣಿಕೆ, ಹದಿನೈದು, ಹದಿನೈದೂವರೆ ಎಂದು. ಬಾನೆಟ್ ಎತ್ತಿದ್ದರಿಂದ ನನಗೆ ಅಕ್ಕನ ಮುಖ ಕಾಣುತ್ತಿರಲಿಲ್ಲ. ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ, ಗಾಜಿನಾಚೆ, ಸ್ಟೀರಿಂಗು ಮತ್ತು ಅವಳ ಎರಡು ಕೈ ಮಾತ್ರ ಕಾಣುತ್ತಿದ್ದವು. ಎಡಗೈಯೇ ಎಲ್ಲ ಮಾಡುತ್ತಿತ್ತು. ಬಲಗೈ ಸ್ಟೀರಿಂಗಿನ ಕೆಳತುದಿಗೆ ಅಂಟಿಕೊಂಡು, ಸ್ವಲ್ಪ ಮೇಲೆ ಹೋಗಬೇಕಾದಾಗಲೆಲ್ಲ ಬಿಟ್ಟುಬಿಡುತ್ತಿತ್ತು. ಪೈಪು ಎಷ್ಟು ಸರಿ ಮಾಡಿದರೇನು, ಆ ಅಧಿಕಾರಿ ನೋಡುವುದು ಈ ಕೈಯನ್ನಲ್ಲವೇ? ನಾಲ್ಕು ತಿಂಗಳಿಂದ ಅಕ್ಕ ತಲೆ ಬಾಚಿಕೊಳ್ಳುವುದೂ ಎಡಗೈಯಲ್ಲೇ ಎಂಬುದು ನನಗೆ ಆಗ ಹೊಳೆಯಿತು.

ಎಣ್ಣೆ ಮುಗಿಯುವ ಹೊತ್ತಿಗೆ ಹೋಸಿನ ಅಂಗಡಿಯವಳು ಸ್ಕೂಟರಿನಲ್ಲಿ ಒಂದು ಕ್ಯಾನು ಎಣ್ಣೆ ಇಟ್ಟುಕೊಂಡು ಬಂದಳು. ಸಹಾಯಕ್ಕಲ್ಲ, ಸ್ಟೀರಿಂಗಿಗೆ ನೀರು ಹಾಕಿದ ಮನುಷ್ಯನನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕಿತ್ತು ಎಂದಳು. ಬಕೆಟ್ಟಿಗೆ ಬೆರಳದ್ದಿ ಉಜ್ಜಿ ನೋಡಿ, ಇನ್ನೂ ಇದೆ, ನಿಲ್ಲಿಸಬೇಡಿ ಎಂದಳು. ಭಾವ ಮೂವತ್ತೊಂಬತ್ತರಲ್ಲಿದ್ದರು.

ನಲವತ್ತನಾಲ್ಕರಲ್ಲಿ ನಾನು ಎಣ್ಣೆ ಚೆಲ್ಲಿದೆ. ಏಕೆಂದರೆ ಸಂದಿಯಲ್ಲಿ ಬಲಗೈ ಕೆಳತುದಿಯಲ್ಲಿರಲಿಲ್ಲ. ಸ್ಟೀರಿಂಗಿನ ಜೊತೆಗೇ ಮೇಲೆ ಹೋಗಿ, ನೆತ್ತಿಯಲ್ಲಿ ಒಂದು ಗಳಿಗೆ ನಿಂತು, ಆಚೆ ಇಳಿಯಿತು. ಮತ್ತೆ ಹತ್ತಿತು. ಮತ್ತೆ ಇಳಿಯಿತು. ಭಾವನಿಗೂ ಕಂಡಿರಬೇಕು, ಅವರ ಎಣಿಕೆ ತಪ್ಪಿ ಐವತ್ತರಿಂದ ಮತ್ತೆ ನಲವತ್ತಾರಕ್ಕೆ ಬಂತು. ಎಂಬತ್ತರ ಸುಮಾರಿಗೆ ಅಂಗಡಿಯವಳು ಬೆರಳುಜ್ಜಿ, ಸಾಕು, ಇನ್ನು ನೀರಿಲ್ಲ ಎಂದಳು. ಚಕ್ರ ಇಳಿಸಿ, ಪೈಪು ಕಟ್ಟಿ, ಎಂಜಿನ್ ಚಾಲೂ ಮಾಡಿದೆವು. ಪಂಪು ಸದ್ದಿಲ್ಲದೆ ತಿರುಗಿತು. ಇನ್ನೂ ಹೊತ್ತು ಮುಳುಗಿರಲಿಲ್ಲ.

ಅಕ್ಕ ಇಳಿಯದೆ ಅಲ್ಲೇ ಕೂತಿದ್ದಳು. ನಾನು ಕಿಟಕಿಯ ಹತ್ತಿರ ಹೋಗಿ, ನೋವಾಗುತ್ತಿದೆಯಾ ಎಂದು ಕೇಳಿದೆ.

"ನೋವು ಹೋಗಿ ಎರಡು ತಿಂಗಳಾಯ್ತು ಕಣೋ," ಎಂದಳು. "ಹೆದರಿಕೆ. ಎತ್ತಿದ್ರೆ ಮತ್ತೆ ಮುರಿಯುತ್ತೇನೋ ಅಂತ. ನಾನೇ ನರ್ಸಾಗಿ ಅದನ್ನ ಯಾರಿಗೆ ಹೇಳ್ಲಿ? ಇವತ್ತು ಇವರ ಜೊತೆ ಎಣಿಸ್ತಾ ಎಣಿಸ್ತಾ ಮರೆತೇ ಹೋಯ್ತು."

ಹಾಗಾದರೆ ನಾನು ನೀರು ಹಾಕಿದ್ದು ಒಳ್ಳೆಯದೇ ಆಯಿತು ಎಂದೆ. ಅಕ್ಕ, ಭಾವ, ಅಂಗಡಿಯವಳು ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದ ರೀತಿ ನೋಡಿ ಬಕೆಟ್ಟು ತೊಳೆಯಲು ಹೋದೆ.

ಶುಕ್ರವಾರ ಎಂಟೂಕಾಲಿಗೇ ಆಫೀಸಿನ ಹಿಂದಿನ ಅಂಗಳದಲ್ಲಿದ್ದೆವು. ಅಧಿಕಾರಿ ಕನ್ನಡಕದ ಮೇಲಿಂದ ನೋಡುವ ಸಣ್ಣ ಮನುಷ್ಯ. ನೆಲಕ್ಕೆ ಚಾಪೆ ಹಾಸಿ ಮಲಗಿ ಕಾರಿನಡಿ ಟಾರ್ಚು ಹಾಯಿಸಿದ. ನನ್ನ ಪೈಪನ್ನು ಎರಡು ಸಲ ತಟ್ಟಿ, ಇದು ಪ್ಲಂಬರ್ ಬಗ್ಗಿಸಿದ ಹಾಗಿದೆಯಲ್ಲ ಎಂದ. ಹೌದು, ಏನೀಗ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕ ನನ್ನ ಕಾಲು ತುಳಿದಳು. ಏನಿಲ್ಲ, ಕಂಪನಿಯವರಿಗಿಂತ ಅಂದವಾಗಿದೆ ಎಂದ ಆ ಮನುಷ್ಯ. ಸಜ್ಜನ. ಆಮೇಲೆ ಅಕ್ಕನನ್ನು ಕೂರಿಸಿ ಸ್ಟೀರಿಂಗನ್ನು ಎರಡು ಕೊನೆಗೂ ತಿರುಗಿಸಲು ಹೇಳಿದ, ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಖಾಲಿ ಡ್ರಮ್ಮುಗಳ ನಡುವೆ ಹಾವಿನ ಹಾಗೆ ಕಾರು ಓಡಿಸಲು ಹೇಳಿದ, ಹಿಮ್ಮುಖವಾಗಿ ಮೂಲೆಯಲ್ಲಿ ನಿಲ್ಲಿಸಲು ಹೇಳಿದ. ನಾನು ನೋಡಲಾರದೆ ಅಂಗಳದ ಮೂಲೆಯ ನಲ್ಲಿಯ ಕಡೆ ತಿರುಗಿ ನಿಂತೆ. ಡ್ರಮ್ಮು ಉರುಳಿದ ಸದ್ದು ಬರಲಿಲ್ಲ. ತಿರುಗಿದಾಗ ಕಾಗದಕ್ಕೆ ಸೀಲು ಬೀಳುತ್ತಿತ್ತು.

ಆ ನಲ್ಲಿ ತೊಟ್ಟಿಕ್ಕುತ್ತಿತ್ತು. ಸರ್ಕಾರದ ನಲ್ಲಿಯಾದರೇನು, ಕಣ್ಣೆದುರು ಹನಿ ಬೀಳುವಾಗ ನಾನು ಬಿಟ್ಟು ಬರುವವನಲ್ಲ. ಬಗ್ಗಿ, ಅದರ ತಲೆ ಬಿಚ್ಚಿ, ಜೇಬಿನಲ್ಲಿದ್ದ ವಾಷರು ಹಾಕಿ ಬಿಗಿ ಮಾಡುತ್ತಿದ್ದೆ. ಕಾರಿನ ಸದ್ದು ಕೇಳಿ ತಲೆ ಎತ್ತಿದರೆ ಅಕ್ಕ ಗೇಟು ದಾಟುತ್ತಿದ್ದಳು. ನನ್ನ ಸಾಮಾನಿನ ಪೆಟ್ಟಿಗೆ, ಫೋನು, ಬುತ್ತಿ ಎಲ್ಲ ಅವಳ ಕಾರಿನಲ್ಲೇ. ಏ ಎಂದು ಕೂಗಿ ಎರಡೂ ಕೈ ಎತ್ತಿ ಬೀಸಿದೆ. ಅವಳಿಗೆ ಕಾಣಿಸಿತು. ಟಾಟಾ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ, ಕಿಟಕಿಯಿಂದ ಬಲಗೈ ಹೊರಗೆ ಹಾಕಿ, ಕಾರಿನ ತಲೆಗಿಂತ ಮೇಲಕ್ಕೆ ಎತ್ತಿ, ಜೋರಾಗಿ ಬೀಸಿ, ಎಡಗೈಯಲ್ಲೇ ಸ್ಟೀರಿಂಗು ಹೊರಳಿಸಿ ರಸ್ತೆಗೆ ತಿರುಗಿಬಿಟ್ಟಳು.

ಅಧಿಕಾರಿ ಹತ್ತಿರ ಬಂದು, ಅವರು ನಿಮ್ಮನ್ನು ಬಿಟ್ಟೇ ಹೋದರಲ್ಲ ಎಂದ. ಹೌದು ಸ್ವಾಮಿ, ಬಿಟ್ಟೇ ಹೋದಳು ಎಂದೆ. ಮನೆಗೆ ಐದು ಕಿಲೋಮೀಟರ್ ನಡೆದುಕೊಂಡೇ ಹೋದೆ, ದಾರಿಯಲ್ಲಿ ಒಬ್ಬರ ಮೇಲೂ ಸಿಟ್ಟು ಬರಲಿಲ್ಲ.

ಸಂಜೆಯವರೆಗೆ ಅಕ್ಕನಿಗೆ ನನ್ನ ನೆನಪೇ ಬರಲಿಲ್ಲವಂತೆ. ಅಷ್ಟು ಮನೆಗಳಿದ್ದವಂತೆ.